ಚಿತ್ರ–ಮಾರ್ಜಾಲ–ಶಿಲಾ ಮೀಮಾಂಸೆ

ಬೆಳಗಿನ ಡಿಕಾಕ್ಷನ್ ಇಳಿಯುವುದಕ್ಕೂ ಮುನ್ನ ಸುಂದರ ಚಿತ್ರ, ಮುದ್ದು ಪ್ರಾಣಿ ಅಥವಾ ವಿಚಿತ್ರ ಕಲ್ಲಿನ ಪಟವನ್ನು ಒಂದು ಕಡೆಯಿಂದ ಪಡೆದು, ಪೂರ್ತಿ ನೋಡದೆ ಇನ್ನೊಂದು ಕಡೆಗೆ ದಾಟಿಸುವ ಕ್ರಿಯೆಗೆ ‘ಫಾರ್ವರ್ಡು’ ಎಂದು ಹೆಸರು. ಇಲ್ಲಿ ‘ಪೂರ್ತಿ ನೋಡದೆ’ ಎಂಬ ಮಾತನ್ನು ಕೈಬಿಟ್ಟರೆ ಅತಿವ್ಯಾಪ್ತಿ, ಅಂದರೆ ಲಕ್ಷಣವು ತನ್ನದಲ್ಲದ ವಸ್ತುವನ್ನೂ ಒಳಗೆ ಸೇರಿಸಿಕೊಳ್ಳುವ ದೋಷ, ಒದಗುತ್ತದೆ. ಆಗ ಕಲಾರಸಿಕರೂ ಈ ವರ್ಗಕ್ಕೆ ಸೇರಿಬಿಡುತ್ತಾರೆ. 2018ರಲ್ಲಿ ವಾಟ್ಸಾಪು ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಎಂದು ಮಿತಿ ಹಾಕಿತಾದರೂ, ಹದಿನೈದು ಗ್ರೂಪುಗಳುಳ್ಳವರು ಮೂರು ಆವರ್ತನ ಮಾಡಿದ್ದರಿಂದ ನಿಯಮಭಂಗವೂ ಆಗಲಿಲ್ಲ, ಶಾಂತಿಯೂ ನೆಲೆಸಲಿಲ್ಲ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಕುಟುಂಬ ಗ್ರೂಪುಗಳಲ್ಲಿ ಫಾರ್ವರ್ಡು ಮೂರು ಬಗೆ. ಚಿತ್ರವರ್ಗದಲ್ಲಿ ರವಿವರ್ಮನ ಲಕ್ಷ್ಮಿಯೂ ಚಿನ್ನದ ರೇಕಿನ ಮೈಸೂರು ಶೈಲಿಯ ಪಟಗಳೂ ಬರುತ್ತವೆ; ‘ಶುಭೋದಯ’ ಎಂಬ ಬರಹ ದೇವರ ಮುಖದ ಮೇಲೆಯೇ ಬೀಳುವುದು ಇವುಗಳ ಗುರುತು. ಪ್ರಾಣಿವರ್ಗದಲ್ಲಿ ಮಾರ್ಜಾಲವೇ, ಅಂದರೆ ಬೆಕ್ಕೇ, ಪ್ರಧಾನ. ಹಾಲಿನ ಪಾತ್ರೆಗೆ ಬಾಯಿಟ್ಟ ಬೆಕ್ಕನ್ನು ಪೊರಕೆ ಹಿಡಿದು ಅಟ್ಟಿದ ಅಜ್ಜಿಯೇ, ಯಾವುದೋ ಶೀತದೇಶದ ಕಂಬಳಿಯಲ್ಲಿ ಮಲಗಿದ ಬೆಕ್ಕಿಗೆ ಮೂರು ಹೃದಯ ಒತ್ತುವುದರಿಂದ, ಮುದ್ದುತನ ಇರುವುದು ಪ್ರಾಣಿಯಲ್ಲಲ್ಲ, ದೂರದಲ್ಲಿ ಎಂದು ಸಿದ್ಧವಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯೇ ಇದಕ್ಕೆ ಪ್ರಮಾಣ.

ಆ ಗಾದೆ ಅಕ್ಷರಶಃ ಅನ್ವಯಿಸುವುದು ಶಿಲಾವರ್ಗಕ್ಕೆ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ ಹೊತ್ತ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅದರ ಜಾತಿ ‘ನೈಸ್’, ಅಂದರೆ ಭೂಮಿಯೊಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಕಲ್ಲು. ನೈಸ್ ರಸ್ತೆಗೂ, ಪಟಗಳ ಕೆಳಗೆ ಬೀಳುವ ‘ನೈಸ್’ ಎಂಬ ಮೆಚ್ಚುಗೆಗೂ ಇದಕ್ಕೂ ನಂಟಿಲ್ಲ. ವಾಯುವಿಹಾರಿಗಳು ಈ ಬಂಡೆಯ ಮೇಲೆಯೇ ನಿಂತು ಐಸ್‌ಲ್ಯಾಂಡಿನ ಕಲ್ಲುಗಳನ್ನು ಫಾರ್ವರ್ಡು ಮಾಡುತ್ತಾರೆ. ಚಪ್ಪಲಿಯ ಅಡಿಯಲ್ಲಿರುವುದು ದೂರದಲ್ಲಿಲ್ಲವಷ್ಟೆ.

ಇದೆಲ್ಲ ಮೊಬೈಲು ತಂದ ರೋಗ ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸಲೆಂದೇ ಮುಂದಿಡುವ ವಾದ. ನವರಾತ್ರಿಯಲ್ಲಿ ಪಟ್ಟದ ಗೊಂಬೆ ಕೂರಿಸಿ, ಅದರ ಕೆಳಗೆ ರಾಗಿ ಪೈರಿನ ಪಾರ್ಕು, ಬೀದಿಯಿಂದ ಆಯ್ದ ಕಲ್ಲಿನ ಬೆಟ್ಟ, ಹುಲಿಗಿಂತ ದೊಡ್ಡದಾದ ಬಾತುಕೋಳಿ ಇವನ್ನೆಲ್ಲ ಜೋಡಿಸಿ ಕೇರಿಯ ಮಕ್ಕಳನ್ನು ಕರೆಯುವ ಪದ್ಧತಿ ಮೊಬೈಲಿಗಿಂತ ಹಳೆಯದು. ಭೇದವಿಷ್ಟೇ: ಅಲ್ಲಿ ನೋಡಿದವರಿಗೆ ಗೊಂಬೆ ಬಾಗಿನ, ಅಂದರೆ ಕೈತುಂಬ ಚಕ್ಕುಲಿ, ಕೊಬ್ಬರಿ ಮಿಠಾಯಿ ಸಿಗುತ್ತಿತ್ತು. ಹಾಗೆಯೇ, ಒಂದೇ ಕಲ್ಲಿನಲ್ಲಿ ಕಡೆದ ಬಸವನಗುಡಿಯ ನಂದಿ ದೊಡ್ಡ ಬಸವಣ್ಣನು ಶಿಲೆ, ಪ್ರಾಣಿ, ಕಲೆ ಮೂರೂ ಆಗಿದ್ದು, ಫಾರ್ವರ್ಡಾಗದೆ ಜನರನ್ನೇ ತನ್ನ ಬಳಿಗೆ ಕರೆಸಿಕೊಂಡು, ಕಾರ್ತಿಕದ ಕೊನೆಯ ಸೋಮವಾರದ ಪರಿಷೆಯಲ್ಲಿ ಕಡಲೆಕಾಯಿ ಕೊಡಿಸಿ ಕಳಿಸುತ್ತಾನೆ. ಆದುದರಿಂದ ದೂರದ್ದು ಮುದ್ದು, ಹತ್ತಿರದ್ದು ತಿಂಡಿ ಎಂಬುದೇ ಸಿದ್ಧಾಂತ.

ಇದಕ್ಕೆ ಅಪವಾದವೂ ಉಂಟು. ನ್ಯೂಜೆರ್ಸಿಯ ಮೊಮ್ಮಗ ದಾಟಿಸಿದ ಲಾಲ್‌ಬಾಗ್ ಬಂಡೆಯ ಪಟ ಬಸವನಗುಡಿಯ ತಾತನ ಮೊಬೈಲಿಗೆ ಬಂದು, ತಾತ ಅದನ್ನು ಪೂರ್ತಿ ನೋಡದೆ ‘ನೈಸ್’ ಎಂದು ಉತ್ತರಿಸಿದಲ್ಲಿ, ಫಾರ್ವರ್ಡುಗಳ ಲೋಕದಲ್ಲಿ ಶಾಸ್ತ್ರಶುದ್ಧವಾದ ಪ್ರತಿಕ್ರಿಯೆ ಅದೊಂದೇ ಎಂದು ತಿಳಿಯತಕ್ಕದ್ದು.