ವಿಮಾನದ ಪರದೆಗೊಂದು ಬಿನ್ನವತ್ತಳೆ

ವೇದಿಕೆಯ ಮೇಲಿರುವ ಹಿರಿಯರೇ, ವೇದಿಕೆಯ ಕೆಳಗಿದ್ದರೂ ಹಿರಿಯರೇ ಆಗಿರುವ ಸಹಪ್ರಯಾಣಿಕರೇ, ಮತ್ತು ಇಂದಿನ ಸನ್ಮಾನಕ್ಕೆ ಪಾತ್ರರಾಗಿ ನಮ್ಮೆದುರು ಕೊಕ್ಕೆಗಳಿಂದ ತೂಗಾಡುತ್ತಿರುವ ಶ್ರೀಮಾನ್ ಪರದೆಯವರೇ,

ಮಗಳ ಬಾಣಂತನಕ್ಕೋ ಸೊಸೆಯ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿ, ಆರು ತಿಂಗಳು ಪಾತ್ರೆ ತೊಳೆದು, ಮೊಮ್ಮಗುವಿಗೆ ಎಣ್ಣೆ ಹಚ್ಚಿ ಮರಳಿದ ನಮ್ಮ ಬಡಾವಣೆಯ ಅಪ್ಪ ಅಮ್ಮಂದಿರೆಲ್ಲರ ಪರವಾಗಿ ಈ ಬಿನ್ನವತ್ತಳೆ ಓದುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಪ್ರತಿವರ್ಷ ನಿವೃತ್ತ ಇಂಜಿನಿಯರರಿಗೋ ಹಾಲಿ ಕಾರ್ಪೊರೇಟರರಿಗೋ ಶಾಲು ಹೊದಿಸುತ್ತಿದ್ದೆವು. ಈ ವರ್ಷ ಸಮಿತಿ ಒಮ್ಮತದಿಂದ ತಮ್ಮನ್ನು ಆರಿಸಿತು. ಬಟ್ಟೆಗೆ ಬಟ್ಟೆ ಹೊದಿಸುವುದು ದುಂದುವೆಚ್ಚವೆಂದು ಖಜಾಂಚಿಗಳು ಆಕ್ಷೇಪ ಎತ್ತಿದ್ದುಂಟು. ಮೈಸೂರು ಪೇಟವನ್ನು ತಮ್ಮ ಯಾವ ಭಾಗಕ್ಕೆ ತೊಡಿಸಬೇಕು ಎಂಬ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆದು, ಸರಳಿನ ತುದಿಗೆ ಸಿಕ್ಕಿಸುವುದೆಂದು ತೀರ್ಮಾನವಾಯಿತು. ಗಂಧದ ಹಾರ ತಮ್ಮ ಎತ್ತರಕ್ಕೆ ಸಾಲದು. ಕ್ಷಮೆಯಿರಲಿ.

ಮೊದಲು ತಮ್ಮ ವಂಶಾವಳಿ. 1952ರಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಅಗ್ಗದ ಟೂರಿಸ್ಟ್ ದರ ಬಂತು, 1958ರಲ್ಲಿ ಎಕಾನಮಿ ಬಂತು. ಆಗೆಲ್ಲ ಬಹುಮಟ್ಟಿಗೆ ಪಂಕ್ತಿ ಎರಡೇ. ಎಪ್ಪತ್ತರ ದಶಕದ ಕೊನೆಗೆ ರಿಯಾಯಿತಿ ಟಿಕೆಟ್ಟಿನ ಸುಗ್ಗಿ ಶುರುವಾದಾಗ, ಕಂಪನಿ ದುಡ್ಡಿನಲ್ಲಿ ಪೂರ್ತಿ ದರ ಕೊಟ್ಟು ಬಂದ ಸಾಹೇಬರ ಪಕ್ಕದಲ್ಲಿ ಅರ್ಧ ದರದವನು ಕೂತು ಅದೇ ಊಟ ಉಂಡು, ಅದೇ ಕರವಸ್ತ್ರಕ್ಕೆ ಕೈ ಒರೆಸಿದ. ಸಾಹೇಬರಿಗೆ ಸೀಟಿನ ಬಗ್ಗೆ ತಕರಾರಿರಲಿಲ್ಲ, ತಕರಾರೆಲ್ಲ ಪಕ್ಕದವನ ಬಗ್ಗೆ. 1978ರಲ್ಲಿ ಪ್ಯಾನ್ ಆಮ್ ಕಂಪನಿ ಆ ಸಾಹೇಬರನ್ನು 'ಕ್ಲಿಪ್ಪರ್ ಕ್ಲಾಸ್' ಎಂದು ಕರೆದು ಬೇರೆ ಕೂರಿಸಿತು. ಮರುವರ್ಷ ಆಸ್ಟ್ರೇಲಿಯಾದ ಕ್ವಾಂಟಾಸ್ 'ಬಿಸಿನೆಸ್ ಕ್ಲಾಸ್' ಎಂಬ ಹೆಸರಿನಲ್ಲೇ ಅಂಗಡಿ ತೆರೆಯಿತು. ಮಲಗುವ ಹಾಸಿಗೆ ಆಮೇಲಿನ ಮಾತು. ಮೊದಲು ಬಂದದ್ದು ಪಂಕ್ತಿಭೇದ, ಅದರ ಜೊತೆಗೇ ತಾವು.

ಯುರೋಪಿನೊಳಗೆ ಹಾರುವ ಸಣ್ಣ ವಿಮಾನಗಳಲ್ಲಂತೂ ತಮ್ಮ ಮಹಿಮೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಅದೇ ಸೀಟು, ಬಹುಪಾಲು ಅದೇ ಅಳತೆ. ಮೂರರಲ್ಲಿ ನಡುವಿನದನ್ನು ಖಾಲಿ ಬಿಡುತ್ತಾರೆ, ಅಷ್ಟೆ. ಹೆಚ್ಚು ದುಡ್ಡು ಕೊಟ್ಟವರು ಎಂಟು ಜನರಿದ್ದರೆ ತಮ್ಮನ್ನು ಸರಳಿನ ಮೇಲೆ ಎರಡನೇ ಸಾಲಿನ ಹಿಂದಕ್ಕೆ ಸರಿಸುತ್ತಾರೆ, ಇಪ್ಪತ್ತು ಜನರಾದರೆ ಐದನೇ ಸಾಲಿನ ಹಿಂದಕ್ಕೆ. ಬೆಳಿಗ್ಗೆ ಎಕಾನಮಿಯಾಗಿದ್ದ ಕುರ್ಚಿ ಮಧ್ಯಾಹ್ನ ಬಿಸಿನೆಸ್ ಕ್ಲಾಸಾಗುತ್ತದೆ. ಬೇಲಿ ಸರಿಸಿ ಹೊಲ ಹೆಚ್ಚಿಸಿಕೊಳ್ಳುವ ವಿದ್ಯೆ ನಮ್ಮ ಹಳ್ಳಿಗಳಲ್ಲೂ ಇದೆ. ಅದಕ್ಕೆ ಇಲ್ಲಿಯವರೆಗೆ ಯಾರೂ ಬೋರ್ಡಿಂಗ್ ಪಾಸ್ ಕೊಟ್ಟಿರಲಿಲ್ಲ.

ನಮ್ಮ ಕಾಲದ ಟೂರಿಂಗ್ ಟಾಕೀಸಿನಲ್ಲಿ ಗಾಂಧಿ ಕ್ಲಾಸ್ ಮುಂದಿತ್ತು, ಕುರ್ಚಿ ಹಿಂದಿತ್ತು. ಹಿಂದಿದ್ದವನು ದೊಡ್ಡವನು. ವಿಮಾನದಲ್ಲಿ ಅದು ತಿರುವುಮುರುವು. ಮೊದಲ ಸಲ ಹತ್ತಿದಾಗ ನಾನು ಮುಂದಿನ ಅಗಲವಾದ ಸೀಟುಗಳನ್ನು ನೋಡಿ, ಇದು ಸಿಬ್ಬಂದಿಗಿರಬೇಕು ಎಂದುಕೊಂಡು ದಾಟಿ ಹೋದೆ.

ಈಗ ದರದ ಮಾತಿಗೆ ಬರೋಣ. ಸಭೆಯಲ್ಲಿ ಅರ್ಧ ಜನ ಅದಕ್ಕೇ ಕಾಯುತ್ತಿದ್ದೀರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರುವ ಟಿಕೆಟ್ ನಾನು ಹುಡುಕಿದ ದಿನ, ಯುರೋಪಿನಲ್ಲೊಂದು ಕಡೆ ಇಳಿದು ಹತ್ತುವ ಲೆಕ್ಕದಲ್ಲಿ, ಎಕಾನಮಿಗೆ ಒಂದೂಕಾಲು ಲಕ್ಷ, ಬಿಸಿನೆಸ್‌ಗೆ ನಾಲ್ಕೂವರೆ ಲಕ್ಷ ಇತ್ತು. ಹಗಲು ದರೋಡೆ ಎಂದು ನಾನೂ ಮೊದಲು ಕೂಗಾಡಿದೆ. ಆದರೆ ಬೆಂಗಳೂರಿನಲ್ಲಿ ನಲವತ್ತು ವರ್ಷ ಬಾಳಿದವನು ಯಾವುದನ್ನೂ ಚದರಡಿಗೆ ಇಳಿಸದೆ ಬಿಡುವುದಿಲ್ಲ. ಎಕಾನಮಿ ಸೀಟು 17 ಇಂಚು ಅಗಲ, ಒಂದು ಸೀಟಿನಿಂದ ಇನ್ನೊಂದಕ್ಕೆ 31 ಇಂಚು. ಗುಣಿಸಿ ನೋಡಿ, ಮೂರೂಮುಕ್ಕಾಲು ಚದರಡಿಯೂ ಇಲ್ಲ. ಬಿಸಿನೆಸ್ ಹಾಸಿಗೆ 78 ಇಂಚು ಉದ್ದ, ಪಕ್ಕದ ಕಟ್ಟೆಯಲ್ಲಿ ಪಾಲು ಸೇರಿಸಿ ಎರಡಡಿ ಅಗಲವೆಂದಿಟ್ಟುಕೊಳ್ಳಿ, 13 ಚದರಡಿ. ಅದರಲ್ಲೂ ಪಾದದ ತುದಿ ಮುಂದಿನವರ ಕಟ್ಟೆಯ ಕೆಳಗಿನ ಗೂಡಿಗೆ ಹೋಗುತ್ತದೆ, ಅದು ಒತ್ತುವರಿ. ಈಗ ದರವನ್ನು ಭಾಗಿಸಿ. ಎರಡೂ ಕಡೆ ಚದರಡಿಗೆ ಹೆಚ್ಚುಕಡಿಮೆ 34 ಸಾವಿರ! ಮಹನೀಯರೇ, ಮುಂದೆ ಕೂತವರು ಮೋಸ ಹೋದವರೂ ಅಲ್ಲ, ಹಿಂದೆ ಕೂತ ನಾವು ಅಗ್ಗಕ್ಕೆ ಹೊಡೆದವರೂ ಅಲ್ಲ. ಒಂದೇ ಬಡಾವಣೆ, ಒಂದೇ ರೇಟು. ಅವರದು ಮೂಲೆ ನಿವೇಶನ, ನಮ್ಮದು ಖಾತೆಯಾಗದ ರೆವಿನ್ಯೂ ಸೈಟು.

ನಂಬಿಕೆ ಬಾರದಿದ್ದರೆ ಬೋಯಿಂಗ್ 777ರ ಒಂದು ಸಾಲನ್ನು ಎಣಿಸಿ. ಹಿಂದೆ ಮೂರು-ನಾಲ್ಕು-ಮೂರು, ಒಟ್ಟು ಹತ್ತು ಜನ. ಅದೇ ಅಗಲಕ್ಕೆ ಹೊಸ ಮಾದರಿಯ ಬಿಸಿನೆಸ್ ಕ್ಲಾಸಿನಲ್ಲಿ ಒಂದು-ಎರಡು-ಒಂದು, ನಾಲ್ಕೇ ಜನ. ಹಳೇ ಮಾದರಿಯಾದರೆ ಎರಡು-ಮೂರು-ಎರಡು ಇರುವುದುಂಟು. ಆಗ ನಾಲ್ಕೂವರೆ ಲಕ್ಷ ಕೊಟ್ಟೂ ನಡುವಿನ ಸೀಟಿನಲ್ಲಿ ಸಿಕ್ಕಿಕೊಂಡು, ಮೂತ್ರಕ್ಕೆ ಹೋಗಲು ಪಕ್ಕದವರನ್ನು ದಾಟಬೇಕು. ದರ ಹೋಲಿಸುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಿ: ಕ್ಲಾಸು ಯಾವುದೆಂದು ನೋಡುವ ಮೊದಲು ವಿಮಾನ ಯಾವುದು, ಸಾಲಿನಲ್ಲಿ ಎಷ್ಟು ಜನ ಎಂದು ನೋಡಬೇಕು. ಒಂದೇ ಕಂಪನಿಯ ಎರಡು ವಿಮಾನಗಳಲ್ಲಿ ಬಿಸಿನೆಸ್ ಎಂಬ ಹೆಸರು ಒಂದೇ ಇದ್ದು ಬೆನ್ನಿಗೆ ಸಿಗುವುದು ಬೇರೆ ಬೇರೆ.

ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು ಬಿಸಿನೆಸ್ ಕ್ಲಾಸಿಗೆ 2000ದಲ್ಲಿ ತಂದದ್ದು ಬ್ರಿಟಿಷ್ ಏರ್‌ವೇಸ್. ಒಬ್ಬರು ಮುಂದಕ್ಕೆ ಮುಖ, ಪಕ್ಕದವರು ಹಿಂದಕ್ಕೆ ಮುಖ. ಅಪರಿಚಿತರಿಬ್ಬರು ಊಟದೆಲೆಯ ಎದುರುಬದುರಿನವರಂತೆ ಒಬ್ಬರನ್ನೊಬ್ಬರು ನೋಡುತ್ತಾ ಮಲಗಬೇಕಿತ್ತು. 2017ರಲ್ಲಿ ಕತಾರ್ ಏರ್‌ವೇಸ್ ಸೀಟಿಗೇ ಬಾಗಿಲು ಇಟ್ಟಿತು. ಪರದೆಯವರೇ, ಇದು ತಮಗೆ ಕಹಿಯಾದ ಸುದ್ದಿ ಎಂದು ಬಲ್ಲೆ. ನಮ್ಮಿಂದ ಅವರನ್ನು ಕಾಯಲು ತಾವಿದ್ದೀರಿ. ಅವರವರಿಂದಲೇ ಅವರನ್ನು ಕಾಯಲು ಈಗ ಬಾಗಿಲು.

ಸರ್ಕಾರಗಳೂ ತಮ್ಮನ್ನು ಗುರುತಿಸಿವೆ. ನಮ್ಮಲ್ಲಿ ಎಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5. ಅದಕ್ಕಿಂತ ಮೇಲಿನದಕ್ಕೆ ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಯಿತು. ಬ್ರಿಟನ್ನಿನವರು ಇನ್ನೂ ಸೂಕ್ಷ್ಮ, ಟೇಪು ಹಿಡಿದು ನಿಂತವರು. ಅತಿ ಕೆಳಗಿನ ದರ್ಜೆಯಾಗಿದ್ದು, ಸೀಟಿನಿಂದ ಸೀಟಿಗೆ 40 ಇಂಚು ಮೀರದಿದ್ದರೆ ಕಡಿಮೆ ತೆರಿಗೆ. ಮೀರಿದರೆ ದುಪ್ಪಟ್ಟಿಗೂ ಹೆಚ್ಚು. ಲಂಡನ್ನಿನಿಂದ ಭಾರತಕ್ಕೆ ಹೊರಡುವವರಿಗೆ 2025ರ ಏಪ್ರಿಲ್‌ನಲ್ಲಿ ಜಾರಿಯಾದ ದರ 90 ಪೌಂಡ್ ಮತ್ತು 216 ಪೌಂಡ್ ಆಗಿತ್ತು. ಮಂಡಿಯ ಮುಂದಿನ ಖಾಲಿ ಜಾಗಕ್ಕೂ ಅಲ್ಲಿ ಕಂದಾಯ.

ತಮ್ಮ ವಿರೋಧಿ ಬಣವನ್ನೂ ನೆನೆಯಬೇಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಪರದೆಯೇ ಇಲ್ಲದ ವಿಮಾನ ಹಾರಿಸಿದರು, ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಅದು ಹುಬ್ಬಳ್ಳಿ ಮಂಗಳೂರಿನ ಮಾತು. ಹತ್ತು ಗಂಟೆ ಮೀರಿದ ದಾರಿಯಲ್ಲಿ ತಾವೇ ಚಕ್ರವರ್ತಿ. ತಾವು ವಿಮಾನದೊಳಗೆ ಮಾತ್ರ ಇರುತ್ತೀರಿ ಎಂದುಕೊಂಡವರು ಸುಧಾ ಮೂರ್ತಿಯವರನ್ನು ಕೇಳಬೇಕು. ಹೀಥ್ರೂ ನಿಲ್ದಾಣದ ಬಿಸಿನೆಸ್ ಕ್ಲಾಸ್ ಸಾಲಿನಲ್ಲಿ ನಿಂತಿದ್ದಾಗ, ತೊಟ್ಟ ಬಟ್ಟೆ ನೋಡಿ ಯಾರೋ ಒಬ್ಬರು, ನಿಮ್ಮ ಸಾಲು ಆ ಕಡೆ ಎಂದು ತೋರಿಸಿದ ಪ್ರಸಂಗವನ್ನು ಅವರು 2017ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅಲ್ಲಿ ಬಟ್ಟೆಯೇ ಪರದೆಯಾಯಿತು.

ಹಾಗಾದರೆ ತಮಗೆ ತಡೆಯಲು ಆಗದ್ದೇನೂ ಇಲ್ಲವೇ? ಇದೆ. ಗಾಳಿ. ಹೊಸ 787, ಎ350ಗಳಲ್ಲಿ ಒಳಗಿನ ಒತ್ತಡ ಸುಮಾರು 6,000 ಅಡಿ ಎತ್ತರದ್ದು, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ಚೂರು ಕೆಳಗೆ. ಹಳೇ ವಿಮಾನಗಳಲ್ಲಿ 8,000 ಅಡಿಯವರೆಗೂ ಹೋಗುತ್ತದೆ. ಆ ಒಣ ಗಾಳಿಗೆ ಮುಂದಿನವರ ತುಟಿಯೂ ಒಡೆಯುತ್ತದೆ, ಹಿಂದಿನವರದೂ ಒಡೆಯುತ್ತದೆ. ನಾಲಿಗೆಗೆ ಉಪ್ಪು, ಸಿಹಿ ಮಂಕಾಗುತ್ತವೆ ಎಂದು ಲುಫ್ತಾನ್ಸಾಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಪರೀಕ್ಷೆ ಮಾಡಿ ತೋರಿಸಿದೆ. ಆ ಮಂಕು ಪಿಂಗಾಣಿ ತಟ್ಟೆಗೂ ತಪ್ಪಿದ್ದಲ್ಲ, ಅಲ್ಯೂಮಿನಿಯಂ ಹಾಳೆ ಮುಚ್ಚಿದ ನಮ್ಮ ಡಬ್ಬಿಗೂ ತಪ್ಪಿದ್ದಲ್ಲ.

ಇನ್ನು ನನ್ನ ಸ್ವಂತ ಸಾಕ್ಷ್ಯ. ಬರುವಾಗ ಮಗಳು ಕ್ರೆಡಿಟ್ ಕಾರ್ಡಿನಲ್ಲಿ ಕೂಡಿಟ್ಟ ಪಾಯಿಂಟುಗಳೆಲ್ಲ ಸೇರಿ ಒಂದೇ ಬಿಸಿನೆಸ್ ಸೀಟಿಗೆ ಸಾಕಾದವು. ಅಮ್ಮನಿಗೆ ಮಂಡಿನೋವು, ಅಪ್ಪ ಹೇಗೋ ಬರುತ್ತಾರೆ ಎಂದು ತೀರ್ಪಾಯಿತು. ನಮ್ಮಾಕೆ ಏಳನೇ ಸಾಲು, ನಾನು ನಲವತ್ತೊಂದು. ನಡುವೆ ಸುಮಾರು 40 ಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಆಕೆ ನನಗಿಂತ ಸೆಕೆಂಡಿನ ಆರನೇ ಒಂದು ಭಾಗ ಮುಂಚೆ ಊರು ತಲುಪಿದಳು.

ವಿಮಾನ ಏರಿ, ತಮ್ಮನ್ನು ಸರಕ್ಕನೆ ಎಳೆದ ಮೇಲೆ ನೆನಪಾಯಿತು, ಆಕೆಯ ಬಿಪಿ ಮಾತ್ರೆ ನನ್ನ ಅಂಗಿ ಜೇಬಿನಲ್ಲೇ ಉಳಿದಿತ್ತು. ಕತ್ತಲಲ್ಲಿ ಕಾಲುಗಳನ್ನು ದಾಟುತ್ತಾ ಮುಂದೆ ಬಂದೆ. ಗಗನಸಖಿ ನಗುನಗುತ್ತಲೇ, "ಸರ್, ನಿಮ್ಮ ಶೌಚಾಲಯ ಹಿಂದಿದೆ," ಎಂದಳು. ಆ 'ನಿಮ್ಮ' ಎಂಬ ಮಾತಿನ ತೂಕ ನೋಡಿ. ಮಾತ್ರೆ ತೋರಿಸಿ ವಿವರಿಸುವಷ್ಟರಲ್ಲಿ ತಮ್ಮ ಅಂಚಿನ ಕೆಳಗೆ, ಗೇಣುದ್ದದ ಸಂದಿನಲ್ಲಿ, ಎರಡು ಪಾದ ಕಂಡವು. ಯಕ್ಷಗಾನದಲ್ಲಿ ತೆರೆ ಹಿಡಿದಾಗ ವೇಷಕ್ಕಿಂತ ಮೊದಲು ಪಾದ ಕಾಣುತ್ತದಲ್ಲ, ಹಾಗೆ. ಕಂಪನಿಯವರು ಕೊಟ್ಟ ಬೂದು ಕಾಲುಚೀಲ, ಅದರ ಮೇಲೆ ಉಬ್ಬಿದ ಕಾಲುಂಗುರದ ಗುರುತು. ಮಾತ್ರೆ ಹುಡುಕಿಕೊಂಡು ಆಕೆಯೂ ಆ ಕಡೆಯಿಂದ ಬಂದು ನಿಂತಿದ್ದಳು. ತಮ್ಮ ಸೀಳಿನಲ್ಲಿ ಕೈ ತೂರಿಸಿ ಮಾತ್ರೆ ಕೊಟ್ಟೆ. ಬಳೆ ಸದ್ದಾಗಿ ಕೈಯೊಂದು ಅದನ್ನು ತೆಗೆದುಕೊಂಡು, ನನ್ನ ಕೈಗೆ ಪುಟ್ಟ ಪಿಂಗಾಣಿ ಬಟ್ಟಲು ಇಟ್ಟಿತು. ಒಳಗೆ ಬಿಸಿ ಗೋಡಂಬಿ.

"ಉಪ್ಪು ಕಡಿಮೆಯಾಯ್ತು ಕಣ್ರೀ. ಬಿಸಿಯಿದೆ, ತಿನ್ನಿ," ಎಂದಿತು ಪರದೆ.

ನಲವತ್ತೊಂದನೇ ಸಾಲಿನಲ್ಲಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ತಿಂದೆ. ಪಕ್ಕದ ಹುಡುಗ, ಇದು ಎಲ್ಲಿ ಸಿಗುತ್ತೆ ಅಂಕಲ್ ಎಂದ. ಪ್ರಭಾವ ಬೇಕಪ್ಪ ಎಂದೆ.

ನಮ್ಮಾಕೆ ಅಲ್ಲಿ ಏಳು ಗಂಟೆ ನಿದ್ದೆ ಮಾಡಿದಳು. ಅಷ್ಟು ನಿದ್ದೆ ಆಕೆಗೆ ಮನೆಯಲ್ಲೂ ಬಂದದ್ದು ನನಗೆ ನೆನಪಿಲ್ಲ. ಹೋಗುವಾಗ ಏಳು, ಬರುವಾಗ ಏಳು ಎಂದು ದುಡ್ಡು ಕೊಟ್ಟೇ ಕೊಂಡರೆ, ಹೆಚ್ಚುವರಿ ಮೂರೂಕಾಲು ಲಕ್ಷಕ್ಕೆ ಗಂಟೆಗೆ 23 ಸಾವಿರ ರೂಪಾಯಿಯ ನಿದ್ದೆ. ಮಂಗಳೂರಿಗೆ ಅಂಬಾರಿ ಸ್ಲೀಪರ್ ಬಸ್ಸು ಹತ್ತಿ ಕಾಲು ಚಾಚುವವರಿಗೆ ಇದು ಹುಚ್ಚೆನಿಸುತ್ತದೆ. ನನ್ನ ಅಭಿಪ್ರಾಯ ಇಷ್ಟು: ಹಗಲು ಹಾರಾಟಕ್ಕೆ, ಶಾಂಪೇನಿಗೆ, ಲಾಂಜಿನ ಉಪಮಾಕ್ಕೆ ಈ ದುಡ್ಡು ದಂಡ. ಬೆಂಗಳೂರಿನಿಂದ ನಡುರಾತ್ರಿ ಕಳೆದು ಹೊರಡುವ ಉದ್ದದ ಹಾರಾಟಕ್ಕೆ, ಅದೂ ಊದಿದ ಕಾಲಿನವರಿಗೆ, ಒಂದೇ ಕಡೆಗಾದರೂ ಕೊಡಿಸಬೇಕು. ಹೊರಡುವ ಕೆಲವು ದಿನ ಮುಂಚೆ ಕೆಲವು ಕಂಪನಿಗಳು ಉಳಿದ ಸೀಟುಗಳನ್ನು ಹರಾಜಿಗಿಡುತ್ತವೆ, ಅದರಲ್ಲಿ ಕೂಗಿ ನೋಡಬಹುದು. ಎರಡೂ ಆಗದವರು ವೀಲ್‌ಚೇರ್ ಕೇಳುತ್ತಾರೆ. ಅದು ನಮ್ಮ ತಲೆಮಾರು ಕಂಡುಹಿಡಿದ ನಾಲ್ಕನೇ ದರ್ಜೆ. ಯಾರು ನಿಜಕ್ಕೂ ನಡೆಯಲಾರದವರು ಎಂದು ಈ ಸಭೆಯಲ್ಲಿ ಕೇಳುವುದಿಲ್ಲ.

ಪರದೆಯವರೇ, ಕೊನೆಯದಾಗಿ ಒಂದು ಮೆಚ್ಚುಗೆ. ವಿಮಾನ ಏರುವಾಗ, ಇಳಿಯುವಾಗ ತಮ್ಮನ್ನು ಬದಿಗೆ ಸರಿಸಿ ಕಟ್ಟಿಹಾಕಬೇಕೆಂಬ ನಿಯಮವಿದೆ. ಅವಘಡವಾದರೆ ಹತ್ತು ಜನರ ಸಾಲೂ ನಾಲ್ಕು ಜನರ ಸಾಲೂ ಒಂದೇ ದಾರಿಯಲ್ಲಿ ಓಡಬೇಕಲ್ಲ. ಆ ಇಪ್ಪತ್ತು ನಿಮಿಷ ತಾವು ಸುಮ್ಮನೆ ಮೂಲೆಯಲ್ಲಿ ನಿಂತಿರುತ್ತೀರಿ. ಆಗ ನಾನು ಕತ್ತು ಚಾಚಿ ನೋಡಿದೆ. ದೂರದಲ್ಲಿ ನಮ್ಮಾಕೆಯ ತುರುಬು ಕಂಡಿತು.

ಬರುವ ಮಾರ್ಚ್‌ನಲ್ಲಿ ಎರಡನೇ ಮೊಮ್ಮಗು. ಪಾಯಿಂಟು ಮತ್ತೆ ಒಂದೇ ಸೀಟಿಗೆ ಸಾಕಾಗುವಷ್ಟಿದೆ. ಈ ಸಲ ಸರದಿ ನನ್ನದಲ್ಲವೇ ಎಂದು ನಮ್ಮಾಕೆಯನ್ನು ಕೇಳಿ ಮೂರು ವಾರವಾಯಿತು. ಉತ್ತರ ಬಂದಿಲ್ಲ. ಆಕೆ ಎರಡನೇ ಸಾಲಿನಲ್ಲೇ ಕೂತಿದ್ದಾಳೆ, ಯಾರಾದರೂ ಒಂದು ಮಾತು ಹೇಳಿ.

ಈಗ ಅಧ್ಯಕ್ಷರು ಶಾಲು ಹೊದಿಸುತ್ತಾರೆ, ಫೋಟೋದವರು ಮುಂದೆ ಬನ್ನಿ. ಹೊರಗೆ ಉಪ್ಪಿಟ್ಟು, ಕೇಸರಿಬಾತ್ ಸಿದ್ಧವಿದೆ. ಮಂಡಿನೋವಿನವರಿಗೆ ಕುರ್ಚಿ ಹಾಕಿದ್ದೇವೆ, ಅವರು ಮೊದಲು ಹೋಗಿ ಕೂತುಕೊಳ್ಳಿ.