ಹಾಡಿ ಮುಗಿಯುವ ತನಕ ಕೂರಿ: ಕಲೆಗೆ ಹಣ ಕೊಡುವ ವಿದೇಶಿ ಸಂಸ್ಥೆಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

1990ರ ಡಿಸೆಂಬರಿನಲ್ಲಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ಪಾಡ್ದನವನ್ನು, ಅಂದರೆ ತುಳು ಕಥನಗೀತವನ್ನು, ದಿನಗಟ್ಟಲೆ ಹಾಡಿದರು. ಎದುರಿಗೆ ಕೂತು ಅದನ್ನು ದಾಖಲಿಸಿಕೊಂಡವರು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಅನ್ನೆಲಿ ಹೊಂಕೊ, ಅವರ ಜತೆಗೆ ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ. ಹಾಡಿ ಮುಗಿದಾಗ ಕೈಗೆ ಸಿಕ್ಕಿದ್ದು 15,683 ಸಾಲುಗಳ ತುಳು ಮಹಾಕಾವ್ಯ. ಇದೇ ಗಾಯಕರು ಇದೇ ಕಥೆಯನ್ನು ಆಕಾಶವಾಣಿಗೆ ಬಹಳ ಚುಟುಕಾಗಿ ಹಾಡಿದ್ದೂ ಉಂಟು. ಕೇಳುವವರು ಎಷ್ಟು ಹೊತ್ತು ಕೂರುತ್ತಾರೋ ಅಷ್ಟು ಉದ್ದಕ್ಕೆ ಕಾವ್ಯ ಬೆಳೆಯುತ್ತದೆ. ನಿಮಗೆ ಈ ಪತ್ರ ಬರೆಯಲು ನನಗಿರುವ ಕಾರಣ ಇಷ್ಟೇ.

ಹೊರಗಿನಿಂದ ಬಂದ ಹಣ ಕರ್ನಾಟಕದ ಕಲೆಗೆ ಒಳ್ಳೆಯದನ್ನೇ ಮಾಡಿದೆ, ಅದನ್ನು ಮರೆಯಲಾರೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರಕ್ಕೆ ಫೋರ್ಡ್ ಫೌಂಡೇಶನ್ ನೆರವು ಕೊಟ್ಟಿತು. ಹೆಗ್ಗೋಡಿನ ನೀನಾಸಮ್ 80ರ ದಶಕದಲ್ಲಿ ಅದೇ ಸಂಸ್ಥೆಯ ನೆರವಿನಿಂದ ‘ಜನಸ್ಪಂದನ’ ನಡೆಸಿ ನಾಟಕ, ಸಿನಿಮಾಗಳನ್ನು ಹಳ್ಳಿಹಳ್ಳಿಗೆ ಒಯ್ದಿತು. ಆದರೆ ಎರಡೂ ಕಡೆ ಹಣಕ್ಕಿಂತ ಮೊದಲೇ ಕೆಲಸ ಇತ್ತು. ನೀನಾಸಮ್ ಹುಟ್ಟಿದ್ದು 1949ರಲ್ಲಿ. ಯಾರೂ ಕೇಳದಿದ್ದ ಕಾಲದಲ್ಲೂ ಆ ಊರಿನವರು ನಾಟಕ ಆಡುತ್ತಲೇ ಇದ್ದರು.

ಇವತ್ತು ನಿಮ್ಮ ಅರ್ಜಿ ನಮೂನೆಗಳು ತಿರುವುಮುರುವಾಗಿವೆ. ಮೊದಲು ಕೇಳುವುದು ಫಲಿತಾಂಶ, ಅದೂ ಇಂಗ್ಲಿಷಿನಲ್ಲಿ, ಅದೂ ಹನ್ನೆರಡೋ ಹದಿನೆಂಟೋ ತಿಂಗಳೊಳಗೆ. ಒಂದು ಯಕ್ಷಗಾನ ಮೇಳದ ಲೆಕ್ಕದ ಪುಸ್ತಕ ತೆರೆದು ನೋಡಿ: ಭಾಗವತರ ಸಂಬಳ, ಲಾರಿ ಬಾಡಿಗೆ, ಅಡುಗೆ ಸಾಮಾನು, ಬಣ್ಣ, ವೇಷದ ರಿಪೇರಿ. ಈ ಖರ್ಚುಗಳನ್ನು ನಿಮ್ಮ ‘ಔಟ್‌ಪುಟ್’, ‘ಔಟ್‌ಕಮ್’, ‘ಇಂಪ್ಯಾಕ್ಟ್’ ಎಂಬ ಮೂರು ಕಾಲಂಗಳಿಗೆ ಹಂಚುವಷ್ಟರಲ್ಲಿ ಮೇಳದ ಯಜಮಾನರು ಬೇಸತ್ತು ಎದ್ದು ಹೋಗುತ್ತಾರೆ. ಹಣ ಹೋಗುವುದು ಕಾಲಂ ತುಂಬಲು ಬಲ್ಲವರಿಗೆ. ಅವರು ಕೆಟ್ಟವರೆಂದಲ್ಲ, ಆದರೆ ವೇಷ ಕಟ್ಟುವವರು ಅವರಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲಿ ಬರೆದ ಅರ್ಜಿಗಳನ್ನೂ ತೆಗೆದುಕೊಳ್ಳುತ್ತದೆ. ಒಂದು ದೇಶೀ ಸಂಸ್ಥೆಗೆ ಸಾಧ್ಯವಾದದ್ದು ನಿಮಗೇಕೆ ಆಗದು?

ನಮ್ಮ ಸರ್ಕಾರವೂ ಬಾಗಿಲನ್ನು ಕಿರಿದು ಮಾಡಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದೇಣಿಗೆ ಬಂದು ಬೀಳಬೇಕಾದ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇರಬೇಕು. ಹೊಸದಾಗಿ ನೋಂದಣಿ ಬೇಕಾದರೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿದ್ದಕ್ಕೆ ಲೆಕ್ಕ ತೋರಿಸಬೇಕು. ತೊಗಲುಗೊಂಬೆ ಆಡಿಸುವ ಒಂದು ಕುಟುಂಬಕ್ಕೆ ಇದು ಆಗುವ ಹೋಗುವ ಮಾತೇ? ಮೊದಲಾದರೆ ದೊಡ್ಡ ಸಂಸ್ಥೆಯೊಂದು ಹಣ ಪಡೆದು, ಲೆಕ್ಕದ ಹೊರೆ ತಾನು ಹೊತ್ತು, ಇಂಥವರಿಗೆ ಮುಟ್ಟಿಸಬಹುದಿತ್ತು. ಆ ದಾರಿ ಮುಚ್ಚಿದೆ. ಹಣದ ಮೇಲೆ ಸರ್ಕಾರ ಕಣ್ಣಿಡುವುದು ನ್ಯಾಯವೇ, ಆದರೆ ಈ ನಿಯಮದ ಪೆಟ್ಟು ಬಿದ್ದಿರುವುದು ಬಡವರ ಮೇಲೆ. ಕಲೆಗೆ ಸಂಬಂಧಿಸಿದ ಸಣ್ಣ ಮೊತ್ತಗಳಿಗಾದರೂ ವಿನಾಯಿತಿ ಕೊಡಿ ಎಂದು ಗೃಹ ಸಚಿವಾಲಯವನ್ನು ನಾವು ಕೇಳಬೇಕು, ಕೇಳುತ್ತೇವೆ.

ನಿಮ್ಮ ಕೈಯಲ್ಲಿರುವುದನ್ನು ನೀವು ಮಾಡಿ. ಲೆಕ್ಕಪತ್ರ ಬರೆಯುವವರ ಸಂಬಳಕ್ಕೆ ಕಾನೂನಿನ ಮಿತಿಯೊಳಗೆ ಕೊಡಬಹುದಾದ್ದನ್ನು ಪೂರ್ತಿ ಕೊಡಿ, ಚೌಕಾಸಿ ಮಾಡಬೇಡಿ. ಅವಧಿಯನ್ನು ಮಳೆಗಾಲ, ಜಾತ್ರೆ, ಮೇಳದ ತಿರುಗಾಟ ನೋಡಿ ಗೊತ್ತುಮಾಡಿ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿಟ್ಟ ಕಲಾವಿದನನ್ನು ಜೂನ್ ತಿಂಗಳಲ್ಲಿ ಪ್ರದರ್ಶನದ ವರದಿ ಕೇಳಿದರೆ ಅವನೇನು ಬರೆದಾನು? ಇಲ್ಲಿಯ ಪಾಲುದಾರರನ್ನು ಯೋಜನೆ ಗಟ್ಟಿಯಾದ ಮೇಲೆ ಹುಡುಕಬೇಡಿ. ಸಿರಿ ಕಾವ್ಯ ಪೂರ್ತಿಯಾಗಿ ಸಿಕ್ಕಿದ್ದು ತುಳು ಬಲ್ಲ ಇಬ್ಬರು ವಿದ್ವಾಂಸರು ಆ ಕೆಲಸದ ಒಳಗೇ ಇದ್ದದ್ದರಿಂದ.

ಇನ್ನೊಂದು ಮಾತು. ಆ ಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದಾಗ ತುಳು ಪಠ್ಯ ರೋಮನ್ ಲಿಪಿಯಲ್ಲಿತ್ತು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ. ವಿದ್ವತ್ ಲೋಕಕ್ಕೆ ಅದು ಬೇಕಿತ್ತು, ಆ ಸಂಪುಟಗಳ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳ್ತಂಗಡಿಯಲ್ಲಿ ತುಳು ಓದುವ ಹುಡುಗಿ ಓದುವುದು ಕನ್ನಡ ಲಿಪಿಯಲ್ಲಿ. ಇನ್ನು ಮುಂದೆ ನೀವು ಸಹಿ ಹಾಕುವ ಪ್ರತಿ ಒಪ್ಪಂದದಲ್ಲೂ ಊರಿನ ಲಿಪಿಯ ಅಗ್ಗದ ಆವೃತ್ತಿಗೆ, ಧ್ವನಿಮುದ್ರಣದ ಪ್ರತಿಗಳು ಹಾಡಿದವರ ಮನೆಗೂ ಹತ್ತಿರದ ಕಾಲೇಜಿಗೂ ತಲುಪುವುದಕ್ಕೆ ಮೊದಲ ಪುಟದಲ್ಲೇ ಹಣ ತೆಗೆದಿಡಿ. ಕೊನೆಯಲ್ಲಿ ಮಿಕ್ಕಿದರೆ ನೋಡೋಣ ಎಂದರೆ ಅದು ಮಿಕ್ಕುವುದಿಲ್ಲ.

ಇಂತಿ,
ಕರಾವಳಿಯ ಒಬ್ಬ ಕಲಾಸಕ್ತೆ