ನೋಡೂದೇನೈತ್ರೀ ಉಳವ್ಯಾಗ?

ಅಲ್ರೀ ಅಕ್ಕಾರ, ನಿಮ್ಮ ತಮ್ಮನ ಮಗ ಬೆಂಗಳೂರಿಂದ ಫೋನ್ ಮಾಡಿ "ಉಳವ್ಯಾಗ ಎಷ್ಟು ಪಾಯಿಂಟ್ ಅದಾವು?" ಅಂತ ಕೇಳಿದ್ನಂತ, ನೀವು "ಗುಡಿ ಒಂದೈತಪ್ಪ, ಮತ್ತೇನಿಲ್ಲ" ಅಂದ್ರಂತ. ಹಂಗ್ಯಾಕ ಅಂದ್ರಿ? 12ನೇ ಶತಮಾನದಾಗ ಕಲ್ಯಾಣ ಹೊತ್ತಿ ಉರಿದಾಗ ಚನ್ನಬಸವಣ್ಣ ಶರಣರನ್ನ, ವಚನದ ಕಟ್ಟುಗಳನ್ನ ಕಾಯ್ಕೊಂತ ಈ ಅಡವಿಗೆ ಬಂದು ಐಕ್ಯ ಆದ ಅಂತಾರ. ಅವರಿಗೆ ದಾರಿ ಹ್ಯಾಂಗ ಸಿಕ್ತೋ! ನಿಮ್ಮ ಹುಡುಗನ ಫೋನಿಗೆ ಇಲ್ಲಿ ಸಿಗ್ನಲ್ಲೇ ಹತ್ತೂದಿಲ್ಲ.

ಗವಿ ಅದಾವಂತ ಹೇಳ್ರಿ ಅವಗ. ಆಕಳ ಗವಿ, ಮಹಾಮನಿ ಗವಿ, ಅಕ್ಕನಾಗಮ್ಮನ ಗವಿ. ಮಳಿಗಾಲದಾಗ ಮಾತ್ರ ಬ್ಯಾಡ. ಉಂಬಳ ಕಾಲಚೀಲದಾಗ ಹೊಕ್ಕು, ಹೊಟ್ಟಿ ತುಂಬಿಸ್ಕೊಂಡ ಮ್ಯಾಲೇ ನಮಗ ಸುದ್ದಿ ಮುಟ್ಟೂದು. ದಾಂಡೇಲಿ ಹಾದ್ಯಾಗ ಸಿಂಥೇರಿ ರಾಕ್ ಐತಿ. ಪೊಟರ್ಯಾಗ ಪಾರಿವಾಳ, ಮ್ಯಾಲ ಹೆಜ್ಜೇನು, ಬುಡಕ್ಕ ಕಾನೇರಿ ಹೊಳಿ. ಇಳಿಯೂಮುಂದ ಎಲ್ಲಾರೂ ಹೀರೋನ. ಮೆಟ್ಟಲ ಹತ್ತೂಮುಂದ ಒಬ್ಬರ ಬಾಯಾಗೂ ಮಾತಿರೂದಿಲ್ಲ.

ರಾಫ್ಟಿಂಗ್ ಅಂತಾನೇನು? ಅದು ಗಣೇಶಗುಡಿ. ಸೂಪಾ ಡ್ಯಾಮಿನ್ಯಾಗ ಕರೆಂಟ್ ತೆಗ್ಯಾಕ ನೀರು ಬಿಟ್ರ ಕೆಳಗ ಕಾಳಿ ಹೊಳಿಗೆ ಸೆಳವು. ಬಿಡದಿದ್ರ ಹೆಲ್ಮೆಟ್ ಹಾಕ್ಕೊಂಡು ದಂಡಿಮ್ಯಾಲ ಕುಂದರೂದು. ಆ 101 ಮೀಟರ್ ಎತ್ತರದ ಡ್ಯಾಮಿನ ಫೋಟೋ ಎಲ್ಲಾರೂ ತೆಗೀತಾರ. ಅದರ ನೀರಾಗ ಸೂಪಾ ಪ್ಯಾಟಿನ ಮುಳುಗೈತಿ ಅಂತ ಯಾರ ತಲ್ಯಾಗೂ ಬರೂದಿಲ್ಲ. ಕಚೇರಿ ಜೋಯಿಡಾಕ್ಕ ಹೋದ್ವು, ತಾಲೂಕಿನ ಹೆಸರೂ ಅದ ಆತು. ಹಿರ್ಯಾರು ಮಾತ್ರ ಇನ್ನೂ ಸೂಪಾ ತಾಲೂಕನ್ನೂದು ಬಿಟ್ಟಿಲ್ಲ.

ನನ್ನ ಕೇಳಿದ್ರ, ಅವನ್ನ ಭರತ ಹುಣ್ಣಿವಿ ಜಾತ್ರಿಗೇ ಕರಸ್ರಿ. ಧಾರವಾಡ, ಬೆಳಗಾವಿ ಕಡೆ ರೈತರು ಚಕ್ಕಡಿ ಹೂಡ್ಕೊಂಡು ಬರತಾರಲ್ಲ, ಅದನ್ನ ನೋಡಲಿ. ಎತ್ತಿನ ಮೈಮ್ಯಾಲ ಜೂಲ, ಕೋಡಿಗೆ ಹಿತ್ತಾಳಿ ಕೋಡಣಸು, ಕೊಳ್ಳಾಗ ಗೆಜ್ಜಿಸರ. ಹೊತ್ತು ಮುಳುಗಿದ ಮ್ಯಾಲ ದಾರಿ ಬದಿಗೆ ಕೊಳ್ಳ ಹರದು, ಮೊದಲ ಎತ್ತಿಗೆ ನೀರು-ಮೇವು. ಆಮ್ಯಾಲ ತಮ್ಮ ಬುತ್ತಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. ಹಾದಿಯವರನ್ನೂ ಕರದು ಕೈಯಾಗ ರೊಟ್ಟಿ ಇಡತಾರ, ಒಲ್ಲೆ ಅಂದ್ರ ಕೇಳೂದಿಲ್ಲ. "ಬಸ್ಸು ಇರೂಮುಂದ ಈ ತ್ರಾಸ ಯಾಕ ಯಜ್ಜಾ?" ಅಂದೆ ಒಬ್ಬ ಮುದುಕಗ. "ಎತ್ತು ಉಳವಿ ನೋಡಬ್ಯಾಡೇನು?" ಅಂದ. ನಾ ಏನ್ ಅನ್ನಲಿ ಅದಕ್ಕ!

ಆವಾಗ ರೂಮ್ ಗೀಮ್ ಸಿಗೂದಿಲ್ಲ ಬಿಡ್ರಿ, ನಿಮ್ಮ ಪಡಸಾಲ್ಯಾಗ ಚಾಪಿ ಹಾಸ್ರಿ. ಭಾಳ ಮಂದಿ ಬಂದ್ರ ಇಬ್ಬರನ್ನ ನಮ್ಮನಿಗೆ ಕಳಸ್ರಿ. ಬರೂಮುಂದ ಜೋಯಿಡಾದಾಗ ಕುಣಬ್ಯಾರು ಬೆಳದ ಗೆಣಸು ಸಿಕ್ರ ತರಾಕ ಹೇಳ್ರಿ, ಮರೀಬ್ಯಾಡ್ರಿ. ಕೌದಿನೂ ತಮ್ಮದ ತಮಗ ತರಲಿ. ಮಾಘದ ಥಂಡಿಗೆ ನಮ್ಮನ್ಯಾಗಿರೂ ಕೌದಿ ನಮಗ ಸಾಲೂದಿಲ್ಲ.